‘ಹಾರ್ಟಿಗೆ ಒಳ್ಳೇದು’ ಅನ್ನುವ ಆ ಒಂದು ಪೆಗ್ಗು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಎಷ್ಟೋ ಮದುವೆಮನೆಗಳಲ್ಲಿ ಚಪ್ಪರದ ಹಿಂದೆ ಒಂದು ಗುಂಪು ಸೇರಿರುತ್ತದೆ. “ದಿನಕ್ಕೆ ಒಂದು ಪೆಗ್ಗು ಹಾರ್ಟಿಗೆ ಒಳ್ಳೇದು ಮಾರಾಯ, ಡಾಕ್ಟರೇ ಹೇಳ್ತಾರೆ” ಅನ್ನುವ ಮಾತು ಕೇಳಿಬರುವುದು ಅಲ್ಲೇ. ಯಾವ ಡಾಕ್ಟರು ಅಂತ ಕೇಳಿ ನೋಡಿ, ಉತ್ತರ ಸಿಗುವುದಿಲ್ಲ.

ಹಾಗಂತ ಇದು ಬರೀ ಗಾಳಿಮಾತೂ ಅಲ್ಲ. ಏನೂ ಕುಡಿಯದವರಿಗಿಂತ ಸ್ವಲ್ಪ ಕುಡಿಯುವವರಿಗೆ ಹಾರ್ಟ್ ಅಟ್ಯಾಕ್ ಕಡಿಮೆ ಎಂದು ಎಷ್ಟೋ ಅಧ್ಯಯನಗಳಲ್ಲಿ ಕಂಡಿತ್ತು. ಫ್ರೆಂಚರು ಅಷ್ಟು ಬೆಣ್ಣೆ, ಚೀಸು ತಿಂದರೂ ಅವರಲ್ಲಿ ಹೃದಯದ ಕಾಯಿಲೆ ಕಡಿಮೆ, ಅದಕ್ಕೆ ವೈನ್ ಕಾರಣ ಇರಬಹುದು ಎಂದು 1992ರಲ್ಲಿ ಸೆರ್ಜ್ ರೆನೋ ಎಂಬ ಫ್ರೆಂಚ್ ವಿಜ್ಞಾನಿ ಬರೆದ ಮೇಲೆ ಕುಡಿಯುವವರಿಗೆ ಒಳ್ಳೆಯ ನೆಪವೇ ಸಿಕ್ಕಿತು.

ಆದರೆ ಈ ‘ಕುಡಿಯದವರು’ ಯಾರು? ಲಿವರ್ ಕೆಟ್ಟು, ಡಾಕ್ಟರ ಹತ್ತಿರ ಬೈಸಿಕೊಂಡು ಹೋದ ವರ್ಷ ಬಿಟ್ಟವರೂ ಅದೇ ಪಟ್ಟಿಯಲ್ಲಿ ಇರುತ್ತಾರೆ. ಅವರ ಆರೋಗ್ಯ ಮೊದಲೇ ಕೆಟ್ಟಿದೆ, ಅಲ್ವಾ? ಇನ್ನು ಅಳತೆಯಲ್ಲಿ ಕುಡಿಯುವವರು. ಬ್ರಿಟನ್ನಿನ ಮೂರೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿದ 2022ರ ಅಧ್ಯಯನದಲ್ಲಿ ಅವರು ಸಿಗರೇಟು ಕಡಿಮೆ ಸೇದುವವರು, ತರಕಾರಿ ಜಾಸ್ತಿ ತಿನ್ನುವವರು ಎಂದು ಗೊತ್ತಾಯಿತು. ಅದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಾಗ ಒಂದು ಪೆಗ್ಗಿನ ಲಾಭ ಕರಗುತ್ತಾ ಬಂತು.

ಜೀನು, ಅಂದರೆ ಅಪ್ಪ ಅಮ್ಮನಿಂದ ಬರುವ ವಂಶವಾಹಿ, ಕೆಲಸಕ್ಕೆ ಬರುವುದು ಇಲ್ಲಿ. ನಾವು ಕುಡಿದ ಆಲ್ಕೋಹಾಲನ್ನು ದೇಹ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಮಾಡುತ್ತದೆ, ಆಮೇಲೆ ಅದನ್ನು ನಿರುಪದ್ರವಿ ಮಾಡುತ್ತದೆ. ಚೀನಾ, ಜಪಾನ್, ಕೊರಿಯಾದ ಬಹಳ ಜನರಲ್ಲಿ ಈ ಎರಡನೇ ಕೆಲಸ ಮಾಡುವ ಜೀನು ಹುಟ್ಟಿನಿಂದಲೇ ನಿಧಾನ. ನಮ್ಮಲ್ಲಿ ಇದು ಅಪರೂಪ. ಅಂಥವರಿಗೆ ಅರ್ಧ ಗ್ಲಾಸಿಗೇ ಮುಖ ಕೆಂಪಾಗುತ್ತದೆ, ಎದೆ ಬಡಿದುಕೊಳ್ಳುತ್ತದೆ, ವಾಕರಿಕೆ ಬರುತ್ತದೆ. ಹಾಗಾಗಿ ಅವರು ಕುಡಿಯುವುದೇ ಕಡಿಮೆ. ಅಪ್ಪ ಅಮ್ಮನಿಂದ ಯಾವ ಜೀನು ಬರುತ್ತದೆ ಅನ್ನುವುದು ನಮ್ಮ ಕೇರಳ ಲಾಟರಿಯ ಡ್ರಾ ಇದ್ದ ಹಾಗೆ. ಸಂಬಳ, ಸಿಗರೇಟು, ವ್ಯಾಯಾಮ ಯಾವುದನ್ನೂ ಅದು ಕೇಳುವುದಿಲ್ಲ. ಕಾಯಿಲೆ ಬಂದ ಮೇಲೆ ಬದಲಾಗುವುದೂ ಇಲ್ಲ. ಹಾಗಾಗಿ ಜೀನಿನ ದೆಸೆಯಿಂದ ಕಡಿಮೆ ಕುಡಿಯುವವರನ್ನು ಉಳಿದವರ ಜೊತೆ ಹೋಲಿಸಿದರೆ ಕುಡಿತದ ಪರಿಣಾಮ ಬೇರೆಯಾಗಿ ಕಾಣುತ್ತದೆ.

ಚೀನಾದಲ್ಲಿ ಐದು ಲಕ್ಷ ಜನರನ್ನು ಸುಮಾರು ಹತ್ತು ವರ್ಷ ಗಮನಿಸಿದ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. ಎಷ್ಟು ಕುಡಿಯುತ್ತೀರಿ ಎಂದು ಕೇಳಿ ಲೆಕ್ಕ ಹಾಕಿದಾಗ, ಸ್ವಲ್ಪ ಕುಡಿಯುವವರಿಗೇ ಸ್ಟ್ರೋಕ್ (ಮೆದುಳಿನ ರಕ್ತನಾಳ ಕಟ್ಟಿಕೊಳ್ಳುವುದು ಅಥವಾ ಒಡೆಯುವುದು) ಕಡಿಮೆ ಎಂದು ಕಂಡಿತು. ಆ ಐದು ಲಕ್ಷದಲ್ಲೇ ಒಂದು ಲಕ್ಷದ ಅರುವತ್ತು ಸಾವಿರ ಜನರ ಜೀನು ನೋಡಿ ಲೆಕ್ಕ ಹಾಕಿದಾಗ ಆ ಲಾಭ ಮಾಯ! ಕುಡಿತ ಏರಿದಷ್ಟೂ ಬಿಪಿ ಏರುತ್ತದೆ, ಸ್ಟ್ರೋಕ್ ಏರುತ್ತದೆ. ದಿನಕ್ಕೆ ನಾಲ್ಕು ಸ್ಮಾಲಿನಷ್ಟು ಹೆಚ್ಚಾದರೆ ಮೆದುಳಿನಲ್ಲಿ ರಕ್ತಸ್ರಾವ ಆಗುವ ಅಪಾಯ ಶೇಕಡಾ 58ರಷ್ಟು ಜಾಸ್ತಿ.

ಜೀನೇ ನೇರವಾಗಿ ಬಿಪಿ ಏರಿಸುತ್ತಿರಬಹುದಲ್ಲ ಎಂಬ ಸಂಶಯ ನನಗೂ ಬಂದಿತ್ತು. ಅದಕ್ಕೆ ಉತ್ತರ ಕೊಟ್ಟವರು ಅಲ್ಲಿನ ಹೆಂಗಸರು. ಅವರಲ್ಲೂ ಅದೇ ಜೀನು ಇದೆ, ಆದರೆ ಅವರಲ್ಲಿ ಕುಡಿಯುವವರು ತೀರಾ ಕಡಿಮೆ. ಅವರಲ್ಲಿ ಆ ಜೀನು ಹೇಗೇ ಇರಲಿ, ಬಿಪಿಯಲ್ಲೂ ಸ್ಟ್ರೋಕಿನಲ್ಲೂ ವ್ಯತ್ಯಾಸ ಕಾಣಲಿಲ್ಲ. ಅಂದರೆ ತಪ್ಪು ಜೀನಿನದ್ದಲ್ಲ, ಗ್ಲಾಸಿನದ್ದು. ಇಷ್ಟು ಚಂದದ ಪುರಾವೆ ವಿಜ್ಞಾನದಲ್ಲಿ ಸುಮ್ನೆ ಸಿಗುವುದಿಲ್ಲ.

ಹಾರ್ಟ್ ಅಟ್ಯಾಕಿನ ವಿಷಯದಲ್ಲಿ ಮಾತ್ರ ಚಿತ್ರ ಇಷ್ಟು ನಿಚ್ಚಳ ಇಲ್ಲ. ಚೀನಾದ ಲೆಕ್ಕದಲ್ಲಿ ಕುಡಿತದಿಂದ ಅದಕ್ಕೆ ಲಾಭವೂ ಕಾಣಲಿಲ್ಲ, ನಷ್ಟವೂ ಸ್ಪಷ್ಟವಾಗಿ ಕಾಣಲಿಲ್ಲ. ಯುರೋಪಿನ ಮೂಲದ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಇನ್ನೊಂದು ಅಧ್ಯಯನ 2014ರಲ್ಲಿ ಬಂದಿತ್ತು. ಬೇರೊಂದು ಜೀನಿನ ದೆಸೆಯಿಂದ ಕಡಿಮೆ ಕುಡಿಯುವವರಿಗೆ ಹೃದಯದ ರಕ್ತನಾಳದ ಕಾಯಿಲೆ ಶೇಕಡಾ 10ರಷ್ಟು ಕಡಿಮೆ ಎಂದು ಅದು ಹೇಳಿತು. ಹಬ್ಬಕ್ಕೊಮ್ಮೆ ಒಂದು ಪೆಗ್ಗು ಹಾಕಿದವನನ್ನು ಹೆದರಿಸುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಅದನ್ನು ಮದ್ದು ಅನ್ನುವುದನ್ನು ಬಿಡಬೇಕು.

ಕಳ್ಳು ಮರದ್ದು, ಅದಕ್ಕೇನೂ ಇಲ್ಲ ಅನ್ನುವವರೂ ನಮ್ಮಲ್ಲಿ ಇದ್ದಾರೆ. ಮೂರ್ತೆಯವರು ಇಳಿಸಿದ ಕಳ್ಳಿನಲ್ಲೂ ಸರ್ಕಾರಿ ಮದ್ಯದಂಗಡಿ ಬೆವ್ಕೊದ ಕ್ಯೂನಲ್ಲಿ ನಿಂತು ತಂದ ಬಾಟಲಿಯಲ್ಲೂ ಇರುವ ಆಲ್ಕೋಹಾಲ್ ಒಂದೇ, ಪ್ರಮಾಣ ಮಾತ್ರ ಬೇರೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಮುಂದಿನ ಸಲ ಡಾಕ್ಟರು ಎಷ್ಟು ಕುಡಿಯುತ್ತೀರಿ ಅಂತ ಕೇಳಿದರೆ ಸರಿಯಾದ ಲೆಕ್ಕ ಕೊಡಿ. ಕಳ್ಳಿನದ್ದೂ ಸೇರಿಸಿ.