ಚನ್ನಪಟ್ಟಣದ ಗೊಂಬೆ: ಜಗತ್ತಿನ ಮಾರುಕಟ್ಟೆಯಲ್ಲಿ ಒಂದು ಊರು ಉಳಿಯುವುದು ಹೇಗೆ?

(ದೃಶ್ಯ: ತಿರುಗುತ್ತಿರುವ ಲೇತ್. ಬಿಳಿ ಮರದ ತುಂಡಿನ ಮೇಲೆ ಕೆಂಪು ಅರಗು ಹರಡುತ್ತಿದೆ.)

ನಿರೂಪಣೆ: ಜಾಗತೀಕರಣದ ಮಾತು ಬಂದಾಗಲೆಲ್ಲ ಸಣ್ಣ ಊರುಗಳನ್ನು ಅದರ ಹೊಡೆತಕ್ಕೆ ಸಿಕ್ಕವೆಂದಷ್ಟೇ ನೋಡುವುದು ನಮಗೆ ರೂಢಿಯಾಗಿದೆ. ಆದರೆ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಚನ್ನಪಟ್ಟಣದ ಕಸುಬು ಬೆಳೆದದ್ದೇ ಹೊರಗಿನ ಸಂಪರ್ಕದಿಂದ. ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಇಲ್ಲಿಗೆ ಕರೆಸಿ ಸ್ಥಳೀಯರಿಗೆ ಈ ವಿದ್ಯೆ ಕಲಿಸಿದನೆಂಬ ಮಾತು ಊರಿನಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. 20ನೇ ಶತಮಾನದ ಆರಂಭದಲ್ಲಿ, ಚನ್ನಪಟ್ಟಣದ ಗೊಂಬೆಗಳ ಪಿತಾಮಹನೆಂದು ಹೆಸರಾದ ಬಾವಾಸ್ ಮಿಯಾ ಜಪಾನಿನ ಗೊಂಬೆ ತಯಾರಿಕೆಯ ತಂತ್ರಗಳನ್ನು ತಂದು ಇಲ್ಲಿನವರಿಗೆ ಹೇಳಿಕೊಟ್ಟರು. ಇಂದು ನಾವು ಅಪ್ಪಟ ಚನ್ನಪಟ್ಟಣದ್ದೆಂದು ಹೆಮ್ಮೆಪಡುವ ಬೊಂಬೆಯಲ್ಲಿ ಹೀಗೆ ದೂರದ ದೇಶಗಳ ಕೊಡುಗೆಯೂ ಇದೆ.

ಅದನ್ನು ಈ ಊರಿನದಾಗಿಸಿದ್ದು ಇಲ್ಲಿನ ಮರ ಮತ್ತು ಇಲ್ಲಿನವರ ಕೈಗಳು.

(ದೃಶ್ಯ: ಕುಶಲಕರ್ಮಿಯ ಕೈಗಳು, ಸಮೀಪದಿಂದ.)

ಆಲೆ ಮರವನ್ನು ಕಡಿದು ತಂದು, ತೇವ ಆರುವವರೆಗೆ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಮೃದುವಾದ ಈ ಬಿಳಿ ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ ಉಳಿಯಿಂದ ಆಕಾರ ಕೊಟ್ಟ ಮೇಲೆ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮೈಗೆ ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಇಲ್ಲಿ ಕುಂಚವೂ ಬೇಡ, ಬಣ್ಣ ಒಣಗಲೆಂದು ಕಾಯುವುದೂ ಬೇಡ. ಕೊನೆಗೆ ತಾಳೆಗರಿಯಿಂದ ತಿಕ್ಕಿದಾಗ ಹೊಳಪು ಏಳುತ್ತದೆ. ಕಡ್ಡಿಯನ್ನು ಎಷ್ಟು ಬಲವಾಗಿ, ಎಷ್ಟು ಹೊತ್ತು ಒತ್ತಬೇಕೆಂಬುದು ವರ್ಷಗಳ ಅಭ್ಯಾಸದಿಂದ ಕೈಗೆ ಬರುವ ಹದ. ಒಂದು ಸ್ಥಳದ ಅಸಲಿ ಬಂಡವಾಳ ಅದೇ ಎಂದು ನಾನು ನಂಬುತ್ತೇನೆ.

ಚೀನಾದ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ನಮ್ಮ ಪೇಟೆಗಳನ್ನು ತುಂಬಿದಾಗ ಈ ಕಸುಬು ತೀವ್ರವಾಗಿ ಸೊರಗಿತು. ಬೆಲೆಯ ಪೈಪೋಟಿಯಲ್ಲಿ ಕೈಕೆಲಸ ಕಾರ್ಖಾನೆಯನ್ನು ಗೆಲ್ಲುವುದು ಸಾಧ್ಯವಿರಲಿಲ್ಲ. ಆದರೆ 2007ರಲ್ಲಿ, ಬಣ್ಣದಲ್ಲಿ ಸೀಸದ ಅಂಶವಿದೆಯೆಂಬ ಕಾರಣಕ್ಕೆ ಚೀನಾದಲ್ಲಿ ತಯಾರಾದ ಲಕ್ಷಾಂತರ ಆಟಿಕೆಗಳನ್ನು ಅಮೆರಿಕದ ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಮಗು ಬಾಯಿಗಿಟ್ಟುಕೊಳ್ಳುವ ವಸ್ತುವಿನ ಬಣ್ಣ ಎಂಥದ್ದೆಂಬ ಪ್ರಶ್ನೆ ಜಗತ್ತಿನೆಲ್ಲೆಡೆ ಎದ್ದಾಗ, ಅರಿಸಿನ, ನೀಲಿಯಂಥ ಸಸ್ಯಮೂಲದ ಬಣ್ಣಗಳನ್ನು ಬಳಸಿ ಮಾಡಿದ ಅರಗಿನ ಆಟಿಕೆಗೆ ಹೊಸ ಅರ್ಥ ಬಂತು. ಹೊರದೇಶಗಳ ಸುರಕ್ಷತಾ ನಿಯಮಗಳು ಇಲ್ಲಿನ ಕೆಲವು ತಯಾರಕರನ್ನು ಮತ್ತೆ ಸಹಜ ಬಣ್ಣಗಳತ್ತ ತಿರುಗಿಸಿದವು.

(ದೃಶ್ಯ: ಅಂಗಡಿಯ ಕಪಾಟಿನಲ್ಲಿ ಸಾಲಾಗಿಟ್ಟ ಬೊಂಬೆಗಳು.)

ಕಾನೂನಿನ ಕಥೆಯೂ ಹೀಗೆಯೇ ಇದೆ. ಚನ್ನಪಟ್ಟಣದ ಬೊಂಬೆಗಳಿಗೆ 2005–06ರಲ್ಲಿ ದೊರೆತ ಭೌಗೋಳಿಕ ಸೂಚ್ಯಂಕದ (ಜಿಐ, ಅಂದರೆ ಊರಿನ ಹೆಸರನ್ನು ಅಲ್ಲಿನ ಉತ್ಪನ್ನಕ್ಕಷ್ಟೇ ಮೀಸಲಿಡುವ ಗುರುತು) ಮಾನ್ಯತೆಯ ಹಿಂದಿರುವ 1999ರ ಕಾಯ್ದೆ ಬಂದದ್ದು, ಭಾರತವು ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಗಳಿಗೆ ಸಹಿ ಹಾಕಿದ ಫಲವಾಗಿ. ಅಂದರೆ ಊರಿನ ಹೆಸರಿಗೆ ಬೇಲಿ ಹಾಕುವ ಹಕ್ಕು ಕೂಡ ಜಾಗತಿಕ ವ್ಯಾಪಾರದ ನಿಯಮಗಳಿಂದಲೇ ಸಿಕ್ಕಿತು. ಮುಂದೆ ಕೇಂದ್ರ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗ, ನೋಂದಾಯಿತ ಕುಶಲಕರ್ಮಿಗಳಿಗೆ ಮತ್ತು ಭೌಗೋಳಿಕ ಸೂಚ್ಯಂಕದ ಅಧಿಕೃತ ಬಳಕೆದಾರರಿಗೆ, ಅಂದರೆ ಆ ಹೆಸರಿನಲ್ಲಿ ಮಾರಲು ನೋಂದಾಯಿಸಿಕೊಂಡವರಿಗೆ, ವಿನಾಯಿತಿ ನೀಡಲಾಯಿತು. ಅದಿಲ್ಲದಿದ್ದರೆ ಮನೆಯಲ್ಲೇ ಒಂದು ಲೇತ್ ಇಟ್ಟುಕೊಂಡವರು ಪರೀಕ್ಷೆಯ ಖರ್ಚು ಭರಿಸಲಾಗದೆ ಕೈಚೆಲ್ಲಬೇಕಾಗುತ್ತಿತ್ತು.

ಆದರೆ ಪೆಟ್ಟು ಯಾವಾಗಲೂ ಸಮುದ್ರದಾಚೆಯಿಂದಲೇ ಬರಬೇಕೆಂದಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಊರನ್ನು ಹೊರಗಿನಿಂದಲೇ ಬಳಸಿ ಸಾಗುತ್ತದೆ. ಹಳೆಯ ರಸ್ತೆಯಲ್ಲಿ ಹೋಗುವವರು ಕಾಫಿಗೆಂದು ನಿಲ್ಲಿಸಿ, ಮಕ್ಕಳಿಗೊಂದು ಬುಗುರಿಯೋ ಕುದುರೆಯೋ ಕೊಂಡು ಮುಂದೆ ಸಾಗುತ್ತಿದ್ದರು. ಆ ದಾರಿಹೋಕ ವ್ಯಾಪಾರವನ್ನೇ ನಂಬಿದ್ದ ಅಂಗಡಿಗಳಿಗೆ ಗಿರಾಕಿಗಳು ಕಡಿಮೆಯಾದರು. ಪ್ರಯಾಣದ ಸಮಯ ಉಳಿಸುವ ಯೋಜನೆಯೊಂದು ದಾರಿಯಲ್ಲಿ ಸಿಗುವ ಊರಿನ ಜೀವನೋಪಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇದರ ಜೊತೆಗೆ ಮಾನ್ಯತೆಯ ಮಿತಿಯನ್ನೂ ಅರಿಯಬೇಕು. ಭೌಗೋಳಿಕ ಸೂಚ್ಯಂಕವು ಹೆಸರನ್ನು ಕಾಯುತ್ತದೆ. ಕೂಲಿಯನ್ನು ಅದು ನಿಗದಿಪಡಿಸುವುದಿಲ್ಲ. ನಗರದ ವಿನ್ಯಾಸಕಾರರು ರೂಪಿಸಿದ ಆಟಿಕೆ ವಿದೇಶದ ಮಳಿಗೆಯಲ್ಲಿ ಒಳ್ಳೆಯ ಬೆಲೆಗೆ ಮಾರಾಟವಾದರೂ, ಲೇತ್ ಮುಂದೆ ಕೂತವರಿಗೆ ಸಿಗುವುದು ಬಿಡಿಗೆ ಇಷ್ಟು ಎಂಬ ಲೆಕ್ಕದ ಕೂಲಿಯಾದರೆ, ಅವರ ಮಕ್ಕಳು ಬೆಂಗಳೂರಿನ ಕೆಲಸಕ್ಕೆ ಹೊರಡುವುದನ್ನು ಯಾರೂ ತಡೆಯಲಾಗದು. ಆದ್ದರಿಂದ ಅಧಿಕೃತ ಬಳಕೆದಾರರ ನೋಂದಣಿ ದೊಡ್ಡ ವ್ಯಾಪಾರಿಗಳಲ್ಲಿಗೇ ನಿಲ್ಲದೆ ಪ್ರತಿಯೊಬ್ಬ ಕುಶಲಕರ್ಮಿಯ ಹೆಸರಿಗೂ ಆಗಬೇಕು. ಆಲೆ ಮರ ಬೆಳೆಸುವ ಸುತ್ತಲಿನ ರೈತರಿಗೆ ಖಚಿತವಾದ ಬೆಲೆ ಸಿಗಬೇಕು.