ಅಟ್ಟದ ಕ್ಯಾಸೆಟ್‌ಗಾಗಿ ಒಂದು ಟೂ ಇನ್ ಒನ್

ಕೇಳುಗರಿಗೆ ನಮಸ್ಕಾರ.

ಇವತ್ತು ಟೂ ಇನ್ ಒನ್ ಬಗ್ಗೆ ಮಾತಾಡೋಣ. ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ. ಮೇಲೊಂದು ಹಿಡಿ, ಹಿಂದೆ ಎಳೆದಷ್ಟೂ ಉದ್ದವಾಗುವ ಏರಿಯಲ್. ಈಗ ಅದನ್ನು ಯಾರು ಕೊಳ್ಳುತ್ತಾರೆ ಅಂತ ನಿಮಗೆ ಅನಿಸಬಹುದು. ಕೆಲವರಾದರೂ ಕೊಳ್ಳಲೇಬೇಕು ಅಂತ ಹೇಳಲು ನಾನು ಬಂದಿದ್ದೇನೆ. ಯಾರ ಮನೆಯ ಅಟ್ಟದಲ್ಲೋ ಬೀರುವಿನ ತಳದಲ್ಲೋ ಮನೆಯವರ ದನಿ ಇರುವ ಕ್ಯಾಸೆಟ್ ಬಿದ್ದಿದೆಯೋ, ಅವರು. ಸಿನಿಮಾ ಹಾಡು, ಭಾವಗೀತೆ, ನಾಟಕದ ಕ್ಯಾಸೆಟ್ ಆದರೆ ಅಷ್ಟು ಅವಸರವಿಲ್ಲ, ಬೇರೆ ಕಡೆಯೂ ಸಿಕ್ಕೀತು. ಅಜ್ಜಿ ಹಾಡಿದ್ದು, ಅಪ್ಪ ಮಾತಾಡಿದ್ದು ಇನ್ನೆಲ್ಲೂ ಸಿಗುವುದಿಲ್ಲ. ಅದು ಆ ಒಂದೇ ರೀಲಿನಲ್ಲಿದೆ.

ಕ್ಯಾಸೆಟ್ ಹುಟ್ಟಿದ್ದು ಬೆಲ್ಜಿಯಂನ ಹ್ಯಾಸೆಲ್ಟ್ ಊರಿನ ಫಿಲಿಪ್ಸ್ ಕಾರ್ಖಾನೆಯಲ್ಲಿ. ಲೂ ಒಟ್ಟೆನ್ಸ್ ಎಂಬ ಎಂಜಿನಿಯರ್ ಮತ್ತು ಅವರ ತಂಡದವರು ಮಾಡಿದ್ದು. 1963ರಲ್ಲಿ ಬರ್ಲಿನ್‌ನ ರೇಡಿಯೋ ಪ್ರದರ್ಶನದಲ್ಲಿ ಅದನ್ನು ಮೊದಲ ಸಲ ತೋರಿಸಿದರು. ಒಟ್ಟೆನ್ಸ್ ಮೊದಲು ಕೋಟಿನ ಜೇಬಿಗೆ ಹಿಡಿಸುವ ಒಂದು ಮರದ ತುಂಡು ಮಾಡಿಸಿಕೊಂಡು, ಯಂತ್ರ ಈ ಅಳತೆ ಮೀರಬಾರದು ಅಂದರಂತೆ. 1979ರಲ್ಲಿ ಸೋನಿ ವಾಕ್‌ಮನ್ ಬಂತು. ಅದರ ಮೊದಲ ಮಾದರಿಯಲ್ಲಿ ರೇಡಿಯೋ ಇರಲಿಲ್ಲ, ರೆಕಾರ್ಡ್ ಮಾಡಲೂ ಆಗುತ್ತಿರಲಿಲ್ಲ, ಬರೀ ಕೇಳುವುದಷ್ಟೆ. ನಮ್ಮ ಮನೆಗಳಿಗೆ ಒದಗಿ ಬಂದದ್ದು ಟೂ ಇನ್ ಒನ್. ಯಾಕೆಂದರೆ ಅದರಲ್ಲಿ ರೆಕಾರ್ಡ್ ಮಾಡುವ ಕೆಂಪು ಗುಂಡಿ ಇತ್ತು.

ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ರಜೆಗೆ ಬರುವಾಗ ಇದನ್ನು ಹೊತ್ತು ತರುತ್ತಿದ್ದರು. ಫೋನ್ ಮಾಡುವುದು ದುಬಾರಿಯಾಗಿದ್ದ ಕಾಲ ಅದು. ಓದು ಬರಹ ಬಾರದ ತಾಯಂದಿರು ಕ್ಯಾಸೆಟ್ಟಿನಲ್ಲೇ ಮಾತಾಡಿ, ಅತ್ತ ಹೊರಟವರ ಕೈಯಲ್ಲಿ ಮಗನಿಗೆ ಕಳಿಸುತ್ತಿದ್ದರು. ಮಗನ ಉತ್ತರವೂ ಕ್ಯಾಸೆಟ್ಟಿನಲ್ಲೇ ಬರುತ್ತಿತ್ತು.

ನಮ್ಮ ಮನೆಯಲ್ಲಿ ಅಜ್ಜಿಯ ಸೋಬಾನೆ ಹಾಡುಗಳ ಕ್ಯಾಸೆಟ್ ಇದೆ. ಹಾಡು ಶುರುವಾಗುವ ಮುಂಚೆ, "ಒತ್ತಿದ್ಯೇನೋ? ತಿರುಗ್ತಾ ಇದ್ಯಾ?" ಅಂತ ಅಜ್ಜಿ ಕೇಳುತ್ತಾರೆ. "ಹ್ಞೂಂ, ಹಾಡಮ್ಮ" ಅಂತ ಮಾವನ ದನಿ. ಅಜ್ಜಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗಲೆಲ್ಲ ಹಿತ್ತಲಿನ ಕೋಳಿ, ಹೆಂಚಿನ ಮೇಲಿನ ಮಳೆ ಜೋರಾಗಿ ಕೇಳುತ್ತವೆ. ಅಜ್ಜಿ ಮತ್ತೆ ದನಿ ಎತ್ತಿದ ಕೂಡಲೇ ಹಿಂದೆ ಸರಿಯುತ್ತವೆ. ಇದು ಯಂತ್ರದ ಗುಣ. ಇಂಥ ಸೆಟ್ಟುಗಳಲ್ಲಿ ರೆಕಾರ್ಡಿಂಗ್ ಮಟ್ಟವನ್ನು ಯಂತ್ರವೇ ಏರಿಸಿ ಇಳಿಸಿ ಮಾಡುತ್ತದೆ. ಎದುರಿನ ದನಿ ನಿಂತರೆ ದೂರದ ಸಣ್ಣ ಸದ್ದನ್ನೂ ಎತ್ತಿ ಹಿಡಿಯುತ್ತದೆ. ಹಾಗಾಗಿ ಆ ರೀಲಿನಲ್ಲಿ ಹಾಡಿನ ಜೊತೆಗೆ ಆ ದಿನದ ಮನೆಯೂ ಉಳಿದುಕೊಂಡಿದೆ. ನಿಮ್ಮ ಕ್ಯಾಸೆಟ್ಟುಗಳಲ್ಲೂ ಹಾಗೇ ಇರುತ್ತದೆ, ಕೇಳಿ ನೋಡಿ.

ಸರಿ, ಸೆಟ್ಟು ಎಂಥದ್ದು ಕೊಳ್ಳಬೇಕು? ಹೊಸದೂ ಸಿಗುತ್ತದೆ. ಆನ್‌ಲೈನಿನಲ್ಲಿ ಹುಡುಕಿದರೆ ಯುಎಸ್‌ಬಿ, ಬ್ಲೂಟೂತ್ ಎಲ್ಲ ಇರುವ ಹಗುರವಾದ ಪ್ಲಾಸ್ಟಿಕ್ ಸೆಟ್ಟುಗಳು ಬರುತ್ತವೆ. ನನ್ನ ಮಾತು ಕೇಳುವುದಾದರೆ ಹಳೆಯದನ್ನೇ ಕೊಳ್ಳಿ, ಕೈಗೆ ಭಾರ ಅನಿಸುವಂಥದ್ದನ್ನು. ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ, ಒಂದೇ ಸಮನೆ ಓಡಬೇಕು. ಆ ಸಮ ಓಟವನ್ನು ಕಾಯುವುದು ಒಳಗೆ ತಿರುಗುವ ಫ್ಲೈವೀಲ್ ಎಂಬ ಚಕ್ರ. ಹಳೆಯ ಒಳ್ಳೆ ಸೆಟ್ಟುಗಳಲ್ಲಿ ಅದು ದಪ್ಪ ಲೋಹದ್ದು. ಅಗ್ಗದ ಹೊಸ ಸೆಟ್ಟುಗಳಲ್ಲಿ ತೀರಾ ಹಗುರ. ವೇಗ ಅಲುಗಾಡಿದರೆ ಹಾಡುವವರ ದನಿಯೇ ನಡುಗಿದ ಹಾಗೆ ಕೇಳುತ್ತದೆ.

ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆ ಇದೆ, ಚಿಕ್ಕಪೇಟೆ ಬಳಿಯ ಸಂಡೇ ಬಜಾರ್ ಇದೆ. ಬೇರೆ ಊರುಗಳಲ್ಲಿ ಹಳೇ ಟಿವಿ ರಿಪೇರಿ ಅಂಗಡಿಯವರನ್ನು ಕೇಳಿ, ಅವರ ಶೆಲ್ಫಿನಲ್ಲಿ ಯಾರೋ ರಿಪೇರಿಗೆ ಕೊಟ್ಟು ಮರೆತ ಒಂದೆರಡು ಸೆಟ್ಟು ಇದ್ದೇ ಇರುತ್ತವೆ. ಹೋಗುವಾಗ ನಿಮಗೆ ಚೆನ್ನಾಗಿ ಗೊತ್ತಿರುವ ಹಾಡಿನ ಒಂದು ಕ್ಯಾಸೆಟ್ ಜೊತೆಗಿರಲಿ. ಮನೆಯವರ ದನಿ ಇರುವ ಕ್ಯಾಸೆಟ್ ಮಾತ್ರ ಒಯ್ಯಬೇಡಿ.

ಮೊದಲು ಖಾಲಿ ಸೆಟ್ಟಿನ ಬಾಗಿಲು ತೆರೆದು ಪ್ಲೇ ಒತ್ತಿ. ಒಳಗೆ ತೆಳ್ಳನೆಯ ಒಂದು ಉಕ್ಕಿನ ಕಡ್ಡಿ ತಿರುಗುತ್ತದೆ. ಅದಕ್ಕೆ ಒತ್ತಿಕೊಂಡು ಕಪ್ಪು ರಬ್ಬರಿನ ಪುಟ್ಟ ಗಾಲಿಯೂ ತಿರುಗುತ್ತದೆ. ರೀಲನ್ನು ಎಳೆಯುವುದು ಈ ಎರಡೇ. ರಬ್ಬರ್ ಗಾಜಿನ ಹಾಗೆ ಮಿಂಚುತ್ತಿದ್ದರೆ, ಬಿರುಕು ಬಿಟ್ಟಿದ್ದರೆ, ಹಿಡಿತ ಹೋಗಿದೆ ಅಂತ ಅರ್ಥ. ಪ್ಲೇ ಒತ್ತಿದಾಗ ತಿರುಗುವ ಹಲ್ಲಿನ ಚಕ್ರವನ್ನೂ ನೋಡಿ. ಓಡಿದ ರೀಲನ್ನು ಸುತ್ತಿಕೊಳ್ಳುವುದು ಅದು. ಅದು ನಿಂತು ನಿಂತು ತಿರುಗಿದರೆ ರೀಲು ಹೊರಗೆ ಚೆಲ್ಲಿ ಯಂತ್ರದೊಳಗೆ ಸಿಕ್ಕಿಕೊಳ್ಳುತ್ತದೆ.

ಆಮೇಲೆ ನಿಮ್ಮ ಕ್ಯಾಸೆಟ್ ಹಾಕಿ. ತಂಬೂರಿ, ಹಾರ್ಮೋನಿಯಂ, ನಾದಸ್ವರದಂಥ ನೀಳ ಸ್ವರ ಇರುವ ಕಡೆ ಕಿವಿಗೊಡಿ. ಸ್ವರ ಅಲೆಯಾಡಿದರೆ, ಮೋಟಾರಿನಿಂದ ಚಕ್ರಗಳನ್ನು ತಿರುಗಿಸುವ ರಬ್ಬರ್ ಬೆಲ್ಟ್ ಸಡಿಲವಾಗಿರಬಹುದು. ಮೋಟಾರ್ ಗುಂಯ್ ಅನ್ನುತ್ತಿದ್ದು ಏನೂ ತಿರುಗದಿದ್ದರೆ ಬೆಲ್ಟ್ ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿರಬಹುದು. ಇದಕ್ಕೆ ಹೆದರಬೇಡಿ, ಬೆಲ್ಟ್ ಬದಲಾಯಿಸುವುದು ಸಾಮಾನ್ಯ ರಿಪೇರಿ. ಬೆಲೆ ಇಳಿಸಲು ಅದೇ ಒಳ್ಳೆ ಕಾರಣ. ವಾಲ್ಯೂಮ್ ತಿರುಗಿಸಿದಾಗ ಬರುವ ಕರಕರ ಸದ್ದೂ ದೊಡ್ಡ ದೋಷವಲ್ಲ. ಸೆಲ್ ಹಾಕುವ ಜಾಗ ಹಸಿರುಗಟ್ಟಿ ಸ್ಪ್ರಿಂಗ್ ತಿಂದುಹೋಗಿದ್ದರೆ ಮಾತ್ರ ಯೋಚಿಸಿ.

ರೇಡಿಯೋ ಬಗ್ಗೆ ಒಂದು ಎಚ್ಚರಿಕೆ. ಜಪಾನಿನೊಳಗೆ ಮಾರಲೆಂದೇ ಮಾಡಿದ ಹಳೇ ಸೆಟ್ಟುಗಳು ಈಗ ಇಲ್ಲಿಗೂ ಬರುತ್ತವೆ. ನೋಡಲು ಬಹಳ ಚೆಂದ. ಆದರೆ ಅವುಗಳಲ್ಲಿ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್‌ವರೆಗೆ. ನಮ್ಮ ಮೈಸೂರು ಆಕಾಶವಾಣಿ ಇರುವುದು 100.6ರಲ್ಲಿ, ಬೆಂಗಳೂರಿನ ವಿವಿಧ ಭಾರತಿ 102.9ರಲ್ಲಿ. ಮುಳ್ಳು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಅಮೆರಿಕದ ಡಿಜಿಟಲ್ ಸೆಟ್ಟುಗಳಲ್ಲಿ ಮೀಡಿಯಂ ವೇವ್ ಹತ್ತು ಹತ್ತು ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಜಿಗಿಯುತ್ತದೆ. ನಮ್ಮ ಕಡೆ ಒಂಬತ್ತರ ಹೆಜ್ಜೆ. ಬೆಂಗಳೂರಿನ 612, ಧಾರವಾಡದ 765 ಅಲ್ಲಿ ಸರಿಯಾಗಿ ಕೂರುವುದಿಲ್ಲ. ಮುಳ್ಳು ಓಡಿಸಿ ಸ್ಟೇಷನ್ ಹಿಡಿಯುವ ಸೆಟ್ಟಿಗೆ ಈ ತೊಂದರೆ ಇಲ್ಲ. ಇನ್ನು ಕರೆಂಟ್. ಹಿಂಬದಿಯ ಚೀಟಿ ಓದದೆ ಪ್ಲಗ್ ಹಾಕಲೇಬೇಡಿ. 100 ಅಥವಾ 120 ವೋಲ್ಟ್ ಎಂದು ಬರೆದಿದ್ದರೆ ನಮ್ಮ 230 ವೋಲ್ಟ್‌ಗೆ ಸುಟ್ಟುಹೋಗುತ್ತದೆ. ವೋಲ್ಟೇಜ್ ಬದಲಿಸುವ ಸ್ವಿಚ್ ಇದ್ದರೆ ಮೊದಲು ಅದನ್ನು ಸರಿಮಾಡಿ.

ಸೆಟ್ಟು ಮನೆಗೆ ಬಂತು ಅಂದುಕೊಳ್ಳಿ. ಅಜ್ಜಿಯ ಕ್ಯಾಸೆಟ್ ಹಾಕುವ ಮುಂಚೆ ಅದರ ಬೆನ್ನಿನ ಎರಡು ಮೂಲೆಗಳಲ್ಲಿರುವ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ. ಅವು ಇಲ್ಲದಿದ್ದರೆ ರೆಕಾರ್ಡ್ ಗುಂಡಿ ಒತ್ತಿದರೂ ಕೆಳಗಿಳಿಯುವುದಿಲ್ಲ. ಮಕ್ಕಳ ಕೈ ತಾಗಿ ದನಿ ಅಳಿಸಿಹೋಗುವ ಭಯವೇ ಇರುವುದಿಲ್ಲ.

ನಂತರ ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿ. ರೀಲಿನ ಅಂಚಿನಲ್ಲಿ ಬಿಳಿ ಚುಕ್ಕೆ ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಇದು ಜಾಸ್ತಿ. ಅಂಥದ್ದನ್ನು ಹಾಗೇ ಓಡಿಸಿದರೆ ರೀಲಿನಿಂದ ದನಿ ಓದುವ ಹೆಡ್ಡಿಗೂ, ಅಲ್ಲಿಂದ ಬೇರೆ ಕ್ಯಾಸೆಟ್ಟಿಗೂ ಅಂಟುತ್ತದೆ. ತಿಳಿದವರ ಕೈಯಲ್ಲಿ ಒರೆಸಿಸಿ ಆಮೇಲೆ ಹಾಕಿ. ರೀಲು ಸಡಿಲವಾಗಿದ್ದರೆ ಪೆನ್ಸಿಲ್ ತೂರಿಸಿ ಮೆಲ್ಲಗೆ ಬಿಗಿ ಮಾಡಿ. ದನಿ ತೀರಾ ಮಂಕಾಗಿ ಬಂದರೆ, ರೀಲಿನ ಹಿಂದೆ ಲೋಹದ ಪಟ್ಟಿಯ ಮೇಲಿರುವ ಪುಟ್ಟ ಮೆತ್ತೆ ಉದುರಿರಬಹುದು. ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚಿ, ರೀಲನ್ನು ಇನ್ನೊಂದು ಒಳ್ಳೆ ಕ್ಯಾಸೆಟ್ಟಿನ ಗೂಡಿಗೆ ಹಾಕಬಹುದು. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 90 ಮೀಟರ್ ರೀಲು ಇರುತ್ತದೆ, ತಕ್ಕಮಟ್ಟಿಗೆ ಗಟ್ಟಿ. 120 ನಿಮಿಷದ್ದು ಅದರ ಅರ್ಧದಷ್ಟೇ ದಪ್ಪ. ಅದನ್ನು ಪದೇ ಪದೇ ಹಿಂದೆ ಮುಂದೆ ಓಡಿಸಬೇಡಿ.

ಹತ್ತಿಯ ಕಡ್ಡಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹೆಡ್ ಮತ್ತು ಆ ಉಕ್ಕಿನ ಕಡ್ಡಿಯನ್ನು ಒರೆಸಿ. ಹತ್ತಿಗೆ ಕಂದು ಬಣ್ಣ ಅಂಟುತ್ತದೆ. ಅದು ಹಿಂದೆ ಓಡಿದ ಕ್ಯಾಸೆಟ್ಟುಗಳು ಬಿಟ್ಟ ಪುಡಿ. ಬಣ್ಣ ಬರುವುದು ನಿಲ್ಲುವವರೆಗೆ ಒರೆಸಿ. ಮುಚ್ಚಿಹೋದಂತಿದ್ದ ದನಿ ಎಷ್ಟು ಬಿಚ್ಚಿಕೊಳ್ಳುತ್ತದೆ ನೋಡಿ.

ರೇಡಿಯೋ ಕೇಳುವಾಗ ಮೀಡಿಯಂ ವೇವ್‌ಗೆ ಏರಿಯಲ್ ಎಳೆದು ಪ್ರಯೋಜನವಿಲ್ಲ. ಅದರ ಆಂಟೆನಾ ಒಳಗಿರುವ ಫೆರೈಟ್ ಕಡ್ಡಿ. ಸೆಟ್ಟನ್ನೇ ಮೆಲ್ಲಗೆ ತಿರುಗಿಸಿ, ಒಂದು ದಿಕ್ಕಿನಲ್ಲಿ ಸ್ಟೇಷನ್ ತಾನಾಗಿ ಸ್ಪಷ್ಟವಾಗುತ್ತದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ದೂರವಿರಲಿ. ಮೀಡಿಯಂ ವೇವ್ ಕಾರ್ಯಕ್ರಮ ರೆಕಾರ್ಡ್ ಮಾಡುವಾಗ ಸಿಳ್ಳೆಯ ಸದ್ದು ಸೇರಿಕೊಂಡರೆ ಸೆಟ್ಟಿನ ಹಿಂದೆ 'ಬೀಟ್' ಎಂಬ ಸಣ್ಣ ಸ್ವಿಚ್ ಇದೆಯಾ ಹುಡುಕಿ. ಅದನ್ನು ಆಚೆ ಈಚೆ ಸರಿಸಿದರೆ ಸಿಳ್ಳೆ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಆ ಸ್ವಿಚ್ಚನ್ನು ಯಾರೂ ಮುಟ್ಟಿಯೇ ಇರುವುದಿಲ್ಲ.

ಕೊನೆಯದಾಗಿ, ನಕಲು. ಇಷ್ಟೆಲ್ಲ ಮಾಡುವುದೇ ಅದಕ್ಕೆ ಅಲ್ವಾ? ಸೆಟ್ಟಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನಲ್ಲಿ ದನಿ ಒಳತೆಗೆದುಕೊಳ್ಳುವ ಲೈನ್ ಇನ್‌ಗೆ ಒಂದು ವೈರು ಸಾಕು. ವಾಲ್ಯೂಮ್ ಅರ್ಧದ ಆಸುಪಾಸಿನಲ್ಲಿರಲಿ, ದನಿ ಒಡೆಯಬಾರದು. ವೇವ್ (WAV) ಕಡತವಾಗಿ ಉಳಿಸಿ. ಒಂದು ಗಂಟೆಗೆ ಸುಮಾರು 600 ಎಂಬಿ ಆಗುತ್ತದೆ, ಈಗಿನ ಲೆಕ್ಕದಲ್ಲಿ ಏನೂ ಅಲ್ಲ. ನಡುವಿನ ಮೌನ, ಕೆಮ್ಮು, ಕೋಳಿ ಕೂಗು ಏನನ್ನೂ ಕತ್ತರಿಸಬೇಡಿ. ನಕಲು ಆಯಿತೆಂದು ಕ್ಯಾಸೆಟ್ ಎಸೆಯಲೂ ಬೇಡಿ. ಸೆಟ್ಟಿನ ಸ್ಪೀಕರಿನಲ್ಲಿ ಅಯಸ್ಕಾಂತ ಇರುತ್ತದೆ, ಅದಕ್ಕೆ ತಾಗಿಸಿ ಇಡದೆ ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ ಇಡಿ.

ನಕಲು ಮಾಡುವ ದಿನ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಿಂದೆ ನಕ್ಕವರು ಯಾರು, "ಸಾಕು ಬಿಡೇ" ಅಂದ ಹೆಂಗಸು ಯಾರು, ಅದು ಯಾರ ಮದುವೆಯ ವರ್ಷ, ಹಾಡು ಯಾವ ಊರಿನದು, ಇದೆಲ್ಲ ಅವರಿಗೆ ಮಾತ್ರ ಗೊತ್ತು. ಅವರು ಹೇಳುತ್ತಾ ಹೋದ ಹಾಗೆ ಒಂದು ಹಾಳೆಯಲ್ಲಿ ಬರೆದುಕೊಂಡು ಕ್ಯಾಸೆಟ್ಟಿನ ಡಬ್ಬಿಯೊಳಗೆ ಮಡಚಿಡಿ. ಈ ಭಾನುವಾರವೇ ಅಟ್ಟ ಹತ್ತಿ ನೋಡಿ.

ನಮಸ್ಕಾರ.