ಬೂದಿ ಸಾಗಿಸುವ ವಾಲ್ವ್: ಕೊಳ್ಳುವ ಮುನ್ನ ನೋಡಬೇಕಾದ್ದು

(ರಾಯಚೂರಿನಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳು ಮತ್ತು ಕಾರ್ಖಾನೆಗಳ ಮೇಂಟೆನೆನ್ಸ್ ಸಿಬ್ಬಂದಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಶಕ್ತಿನಗರ, ಯರಮರಸ್, ಆ ಕಡೆ ಬಳ್ಳಾರಿಯ ಕುಡತಿನಿ. ಮೂರೂ ಕಡೆಯ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿಯುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 30ರಿಂದ 45 ಭಾಗ ಬೂದಿಯೇ ಇರುತ್ತದೆ. ಅದರಲ್ಲಿ ಜಾಸ್ತಿ ಪಾಲು ಹೊಗೆಯ ಜೊತೆ ಹೋಗುವ ಹಾರುಬೂದಿ. ಹೊಗೆಯಿಂದ ಬೂದಿಯನ್ನು ವಿದ್ಯುತ್ ಪ್ಲೇಟುಗಳಿಂದ ಹಿಡಿಯುವ ಯಂತ್ರವೇ ಇಎಸ್‌ಪಿ, ಬೂದಿ ಬೀಳುವ ಅದರ ಕೆಳಗಿನ ತೊಟ್ಟಿ ಹಾಪರ್, ಬೂದಿ ಕೂಡಿಡುವ ದೊಡ್ಡ ಕಣಜ ಸೈಲೋ. ಇಎಸ್‌ಪಿ ಹಾಪರ್‌ನಿಂದ ಸೈಲೋವರೆಗೆ ಅದನ್ನು ಪೈಪಿನೊಳಗೆ ಗಾಳಿ ಒಯ್ಯುತ್ತದೆ. ಈ ದಾರಿಯಲ್ಲಿ ಪದೇ ಪದೇ ಕೈಕೊಡುವುದು ವಾಲ್ವ್. ವಾಲ್ವ್ ನಿಂತರೆ ಹಾಪರ್ ತುಂಬುತ್ತದೆ. ಹಾಪರ್ ತುಂಬಿ ಬೂದಿ ಮೇಲಿನ ಪ್ಲೇಟುಗಳಿಗೆ ಮುಟ್ಟಿದರೆ ಇಎಸ್‌ಪಿಯ ಆ ಭಾಗವೇ ಶಾರ್ಟ್ ಆಗುತ್ತದೆ. ಆಮೇಲೆ ಬೂದಿ ಚಿಮಣಿಯಿಂದ ಹೊರಗೆ, ನಮ್ಮ ಹೊಲಗಳ ಮೇಲೆ.

ವಾಲ್ವ್ ಯಾಕೆ ಸವೆಯುತ್ತದೆ? ಬೂದಿಯಲ್ಲಿ ಸಿಲಿಕಾ ಇದೆ, ಅದರ ಕಣಗಳು ಸಾಮಾನ್ಯ ಉಕ್ಕಿಗಿಂತ ಗಟ್ಟಿ. ಸಿಂಧನೂರು, ಗಂಗಾವತಿ ಕಡೆ ಭತ್ತದ ಹೊಟ್ಟು ಉರಿಸುವ ಬಾಯ್ಲರ್‌ಗಳಿವೆ ಅಲ್ವಾ, ಆ ಬೂದಿ ಇನ್ನೂ ಕಷ್ಟ. ಅದರಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಸಿಲಿಕಾ ಇರುವುದುಂಟು. ಜೊತೆಗೆ ವೇಗ. ಕಣದ ವೇಗ ಎರಡು ಪಟ್ಟಾದರೆ ಸವೆತ ಸುಮಾರು ಐದಾರು ಪಟ್ಟು ಏರುತ್ತದೆ.

ಆದರೆ ಸವೆತಕ್ಕಿಂತ ನಾನು ಹೆದರುವುದು ಸೋರಿಕೆಗೆ. ಇವತ್ತು ನಿಮಗೆ ಹೇಳಬೇಕಾದ ಮುಖ್ಯ ಮಾತು ಇದೇ. ಮುಚ್ಚಿದ ವಾಲ್ವ್‌ನಲ್ಲಿ ಕೂದಲೆಳೆಯಷ್ಟು ಸಂದಿ ಉಳಿದರೆ ಸಾಕು. ಒತ್ತಡದ ಗಾಳಿ ಅಲ್ಲಿಂದ ನುಗ್ಗುತ್ತದೆ, ಜೊತೆಗೆ ಬೂದಿಯನ್ನೂ ಎಳೆದುಕೊಂಡು ಹೋಗುತ್ತದೆ. ಅಲ್ಲಿ ಅದರ ವೇಗ ಪೈಪಿನೊಳಗಿನ ವೇಗಕ್ಕಿಂತ ಎಷ್ಟೋ ಜಾಸ್ತಿ. ಸಂದಿ ಕೊರೆಯುತ್ತದೆ, ದೊಡ್ಡದಾಗುತ್ತದೆ, ಇನ್ನಷ್ಟು ಗಾಳಿ ಸೋರುತ್ತದೆ. ವರ್ಷಗಟ್ಟಲೆ ಬಾಳಬೇಕಾದ ಲೋಹ ಬೇಗ ತೂತಾಗುತ್ತದೆ. ಹಾಗಾಗಿ ಲೋಹ ಎಷ್ಟು ಗಟ್ಟಿ ಅಂತ ಕೇಳುವ ಮುನ್ನ, ಇದು ಹೇಗೆ ಮುಚ್ಚುತ್ತದೆ ಅಂತ ಕೇಳಿ.

ಬಟರ್‌ಫ್ಲೈ ವಾಲ್ವ್ ಅಗ್ಗ. ಆದರೆ ತೆರೆದಾಗಲೂ ಅದರ ತಟ್ಟೆ ಹರಿವಿನ ನಡುವೆಯೇ ನಿಂತಿರುತ್ತದೆ, ಬೂದಿಯ ಹೊಡೆತ ತಿನ್ನುತ್ತಲೇ ಇರುತ್ತದೆ. ಚಪ್ಪಟೆ ಅಲಗು ಅಡ್ಡ ಸರಿದು ಮುಚ್ಚುವ ನೈಫ್ ಗೇಟ್‌ನಲ್ಲಿ, ಅಲಗು ಕೂರುವ ತೋಡಿನಲ್ಲಿ ಬೂದಿ ಗಟ್ಟಿಯಾಗಿ ಕೂರುತ್ತದೆ. ರಿಪೇರಿ ಸಮಯದಲ್ಲಿ ಹಾಪರ್ ಬಂದ್ ಮಾಡಲು ಅದು ಸರಿ, ಪ್ರತಿ ಸೈಕಲ್‌ಗೂ ತೆರೆದು ಮುಚ್ಚುವ ಕೆಲಸಕ್ಕೆ ಬೇಡ. ರೆಕ್ಕೆಗಳ ಚಕ್ರ (ರೋಟರ್) ತಿರುಗುತ್ತಾ ಪುಡಿ ಇಳಿಸುವ ರೋಟರಿ ಏರ್‌ಲಾಕ್ ಹಿಟ್ಟಿಗೆ ಒಳ್ಳೆಯದು. ಬೂದಿಗೆ ಹಾಕಿದರೆ ರೋಟರ್ ಮತ್ತು ಹೊರಕವಚದ ನಡುವಿನ ಸಣ್ಣ ಅಂತರ ಸವೆದು ಅಗಲವಾಗುತ್ತದೆ.

ಬೂದಿಗೆ ನನ್ನ ಮೊದಲ ಆಯ್ಕೆ ಡೋಮ್ ವಾಲ್ವ್, ಅಂದರೆ ಗುಮ್ಮಟದ ಆಕಾರದ ಮುಚ್ಚಳ ಇರುವುದು. ತೆರೆದಾಗ ಗುಮ್ಮಟ ಪಕ್ಕಕ್ಕೆ ಸರಿದು ದಾರಿ ಪೂರ್ತಿ ಬಿಡುತ್ತದೆ. ಮುಚ್ಚುವಾಗ ರಬ್ಬರ್ ಸೀಲಿಗೆ ಉಜ್ಜದೆ, ಸುತ್ತ ಸಣ್ಣ ಅಂತರ ಬಿಟ್ಟೇ ತಿರುಗುತ್ತದೆ. ಬೀಳುತ್ತಿರುವ ಬೂದಿಯ ನಡುವೆಯೂ ಮುಚ್ಚಬಲ್ಲದು. ಅದು ಪೂರ್ತಿ ಮುಚ್ಚಿ ನಿಂತ ಮೇಲೆ ಸೀಲಿಗೆ ಗಾಳಿ ತುಂಬುತ್ತದೆ, ಸೀಲ್ ಉಬ್ಬಿ ಗುಮ್ಮಟಕ್ಕೆ ಒತ್ತಿಕೊಳ್ಳುತ್ತದೆ. ಸೀಲಿನ ಒತ್ತಡ ಸಾಗಣೆಯ ಒತ್ತಡಕ್ಕಿಂತ ಜಾಸ್ತಿ ಇರಲೇಬೇಕು. ತೆರೆಯುವಾಗ ಮೊದಲು ಸೀಲಿನ ಗಾಳಿ ಬಿಡಬೇಕು, ಆಮೇಲೆ ಗುಮ್ಮಟ ತಿರುಗಬೇಕು. ಈ ಕ್ರಮ ತಪ್ಪಿದರೆ ಎಷ್ಟು ದುಬಾರಿ ವಾಲ್ವ್ ಆದರೂ ಉಳಿಯದು.

ಸೀಲ್ ಒತ್ತಡ ಕಾಯಲು ಒಂದು ಪ್ರೆಶರ್ ಸ್ವಿಚ್ ಇರುತ್ತದೆ. ಸೀಲ್ ತೂತಾದರೆ ಒತ್ತಡ ಏರುವುದಿಲ್ಲ, ಸಾಗಣೆ ಶುರುವಾಗುವುದಿಲ್ಲ. ರಾತ್ರಿ ಶಿಫ್ಟ್‌ನಲ್ಲಿ ಹಾಪರ್ ತುಂಬುತ್ತಿದೆ ಅನ್ನುವ ಒತ್ತಡಕ್ಕೆ ಆ ಸ್ವಿಚ್ ಬೈಪಾಸ್ ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ರಬ್ಬರ್ ಸೀಲ್ ಉಳಿಸಲು ಹೋಗಿ ಇಡೀ ಗುಮ್ಮಟ ಕಳೆದುಕೊಳ್ಳುತ್ತೀರಿ.

ರಬ್ಬರ್ ಅಂದೆ, ಅದರಲ್ಲೂ ಜಾತಿ ನೋಡಬೇಕು. ಇಎಸ್‌ಪಿ ಹಾಪರ್‌ನಿಂದ ಬೂದಿ 100 ಡಿಗ್ರಿ ದಾಟಿಯೇ ಇಳಿಯುವುದುಂಟು. ನೈಸರ್ಗಿಕ ರಬ್ಬರ್ ಉಜ್ಜಾಟ ಚೆನ್ನಾಗಿ ತಡೆಯುತ್ತದೆ, ಆದರೆ 80 ಡಿಗ್ರಿ ಹೊತ್ತಿಗೇ ಸೋಲುತ್ತದೆ. ಸಿಲಿಕೋನ್ 200 ಡಿಗ್ರಿ ತಾಳುತ್ತದೆ, ಆದರೆ ಬೇಗ ಹರಿಯುತ್ತದೆ. ವೈಟಾನ್ ಅನ್ನುವ ರಬ್ಬರ್ ಬಿಸಿ ತಡೆಯುತ್ತದೆ, ಬೆಲೆ ಜಾಸ್ತಿ.

ವಾಲ್ವ್ ಎಲ್ಲಿ ಕೂರುತ್ತದೆ ಅನ್ನುವುದನ್ನು ಜನ ಮರೆಯುತ್ತಾರೆ. ಲೈನಿನ ಆರಂಭದಲ್ಲಿ ಗೇಜ್ 2 ಬಾರ್ ತೋರಿಸಿದರೆ (ಹೊರಗಿನ ಗಾಳಿಯ ಸುಮಾರು 1 ಬಾರ್ ಸೇರಿ ಒಟ್ಟು 3), ಸೈಲೋ ತಲುಪುವ ಹೊತ್ತಿಗೆ ಗಾಳಿ ಹಿಗ್ಗಿ ಸುಮಾರು ಮೂರು ಪಟ್ಟಾಗುತ್ತದೆ. ಪೈಪ್ ಅಳತೆ ಒಂದೇ ಇದ್ದರೆ ವೇಗವೂ ಅಷ್ಟೇ ಏರುತ್ತದೆ. ಸೈಲೋ ಮೇಲೆ ಬೂದಿಯ ದಾರಿ ತಿರುಗಿಸುವ ಡೈವರ್ಟರ್ ವಾಲ್ವ್ ಮೊದಲು ಹೋಗುವುದು ಇದಕ್ಕೇ. ಅಲ್ಲಿ ಸೆರಾಮಿಕ್ ಒಳಪದರ ಕೇಳಿ. ಕೊನೆಯ ಭಾಗದಲ್ಲಿ ಪೈಪ್ ಒಂದು ಅಳತೆ ದೊಡ್ಡದು ಮಾಡಿದರೆ ಇನ್ನೂ ಒಳ್ಳೆಯದು.

ಟೆಂಡರ್‌ನಲ್ಲಿ ಸುಮ್ನೆ "ವಾಲ್ವ್, 200 ಎಂಎಂ" ಅಂತ ಬರೆದರೆ ಅಗ್ಗದ್ದೇ ಬರುತ್ತದೆ. ಬೂದಿಯ ಬಿಸಿ, ಗಾಳಿಯ ಒತ್ತಡ, ಗಂಟೆಗೆ ಎಷ್ಟು ಸಲ ತೆರೆಯಬೇಕು, ಸೀಲ್ ಬದಲಿಸಲು ಎಷ್ಟು ಹೊತ್ತು, ಬಿಡಿ ಸೀಲ್ ಎಷ್ಟು ದಿನದಲ್ಲಿ ಕೈಗೆ ಸಿಗುತ್ತದೆ, ಇಷ್ಟನ್ನೂ ಬರೆಯಿರಿ. ಸೀಲ್ ಬದಲಿಸಲು ವಾಲ್ವ್ ಇಡಿಯಾಗಿ ಕೆಳಗಿಳಿಸಬೇಕಾ, ಮುಚ್ಚಳ ಬಿಚ್ಚಿದರೆ ಸಾಕಾ ಅಂತ ಫಿಟ್ಟರ್‌ನನ್ನು ಕೂರಿಸಿಕೊಂಡೇ ಕೇಳಿ.

ಸವೆದ ಒಂದು ಗುಮ್ಮಟ, ಎರಡು ಸೀಲ್ ಈ ಮೇಜಿನ ಮೇಲಿವೆ. ಬನ್ನಿ, ಸೋರಿಕೆ ಕೊರೆದ ಜಾಗಕ್ಕೆ ಬೆರಳಿಟ್ಟು ನೋಡಿ, ಪ್ರಶ್ನೆ ಕೇಳಿ.